‘ಸಿಟ್ಟಿನ ಭರದಲ್ಲಿ ಮಾಡ್ಕೊಂಡ’ ಅಂದರೆ ಅಪಾಯ ಮುಗೀತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 24 ವರ್ಷ. ಹೋದ ತಿಂಗಳು ಸಾಲದ ಮಾತಿಗೆ ಅಪ್ಪನ ಜೊತೆ ಜಗಳವಾಗಿ, ಊಟದ ತಟ್ಟೆ ಬಿಟ್ಟು ಎದ್ದವನು ಜೀವ ಕಳ್ಕೊಳ್ಳೋಕೆ ಹೋಗಿದ್ದ. ಹೇಗೋ ಉಳಿದ. ‘ಸಿಟ್ಟಿನ ಭರದಲ್ಲಿ ಮಾಡ್ಕೊಂಡ, ಇನ್ನು ಆ ಮಾತು ಎತ್ತಬೇಡಿ’ ಅಂತಾರೆ ದೊಡ್ಡವರು. ನನಗೆ ಮಾತ್ರ ರಾತ್ರಿ ಅವನ ಕೋಣೆಯ ಬಾಗಿಲು ಕಿರ್ ಅಂದರೂ ಎಚ್ಚರವಾಗುತ್ತೆ. ಸುಮ್ನೆ ಹೆದರ್ತಿದ್ದೀನಾ?

ಉತ್ತರ (ಮನೋವೈದ್ಯರು): ಸುಮ್ನೆ ಅಲ್ಲಮ್ಮ. ‘ಆಗಲೇ ತಲೆಗೆ ಬಂತು’ ಅನ್ನೋರ ಜೊತೆ ಸ್ವಲ್ಪ ಹೊತ್ತು ಕೂತರೆ, ‘ಇದ್ದು ಏನು ಮಾಡೋದು’ ಅಂತ ತಿಂಗಳುಗಟ್ಟಲೆ ಅನ್ನಿಸ್ತಿತ್ತು ಅನ್ನೋದು ಎಷ್ಟೋ ಸಲ ಹೊರಗೆ ಬರುತ್ತೆ. ಕೆಂಡ ಒಳಗಿತ್ತು, ಜಗಳ ಗಾಳಿ ಹಾಕಿತು.

ಆಸ್ಟ್ರಿಯಾದಲ್ಲಿ ಹೀಗೆ ಬದುಕುಳಿದ 82 ಜನರನ್ನು ಕೇಳಿದ ಅಧ್ಯಯನ 2009ರಲ್ಲಿ ಬಂತು. ಆ ಸಲದ ಯೋಚನೆ ಹುಟ್ಟಿ ಹತ್ತು ನಿಮಿಷದೊಳಗೇ ಮಾಡಿಕೊಂಡೆವು ಅಂದವರು ಹೆಚ್ಚುಕಡಿಮೆ ಅರ್ಧ. ಆ ಹತ್ತು ನಿಮಿಷದಲ್ಲಿ ಕೈಗೆ ಏನು ಸಿಗುತ್ತೆ, ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಬಹಳ ಮುಖ್ಯ. ಶ್ರೀಲಂಕಾ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತಾ ಬಂತು. ಎರಡು ದಶಕದಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು 70% ಇಳಿಯಿತು. ಅಲ್ಲೇನೂ ಮನೆಜಗಳ ನಿಂತಿರಲಿಲ್ಲ. ನಿಮ್ಮ ಮನೆಯಲ್ಲಿ ಹೊಲದ ಔಷಧಿ ಇದ್ದರೆ ಮೊದಲು ಅದು ಹೊರಗೆ ಹೋಗಲಿ.

ಪ್ರಶ್ನೆ: ಬೀಗ ಹಾಕಿದ್ರೆ ಸಾಲದಾ?

ಉತ್ತರ: ಶ್ರೀಲಂಕಾದ ಹಳ್ಳಿಗಳಲ್ಲೇ ಮನೆಮನೆಗೂ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು, ಪ್ರಕರಣ ಕಡಿಮೆಯಾದದ್ದು ಕಾಣಲಿಲ್ಲ. ಬೀಗದ ಕೈ ಎಲ್ಲಿರುತ್ತೆ ಅಂತ ಮನೆಯವರಿಗೆಲ್ಲ ಗೊತ್ತಿರುತ್ತಲ್ಲ.

ಪ್ರಶ್ನೆ: ಅವನನ್ನೇ ಕೇಳಿದ್ರೆ ನಾವೇ ನೆನಪಿಸಿದ ಹಾಗಾಗಲ್ವಾ?

ಉತ್ತರ: ಆಗಲ್ಲ. ‘ಸಾಯಬೇಕು ಅನ್ನಿಸ್ತಿದೆಯೇನೋ?’ ಅಂತ ಅಕ್ಕನಾಗಿ ನೇರವಾಗಿ ಕೇಳಿ, ಅವನು ಹೇಳಿ ಮುಗಿಸೋವರೆಗೂ ಬುದ್ಧಿ ಹೇಳಬೇಡಿ. ಮನಸ್ಸು ತಣ್ಣಗಿರೋ ದಿನ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೀರಿ: ಬಿರುಗಾಳಿ ಏಳೋ ಮುಂಚೆ ಏನಾಗುತ್ತೆ (ತಟ್ಟೆ ಬಿಟ್ಟು ಏಳೋದು ಅವನ ಗುರುತಿರಬಹುದು), ಆಗ ಯಾರ ಹತ್ತಿರ ಹೋಗ್ತಾನೆ, ಯಾರಿಗೆ ಫೋನ್ ಮಾಡ್ತಾನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅದರಲ್ಲಿರಲಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಳೆ ಬರೆದಾಯ್ತು ಅಂತ ಮನೋವೈದ್ಯರ ಭೇಟಿ ಬಿಡಬೇಡಿ. ಇದ್ದಕ್ಕಿದ್ದ ಹಾಗೆ ವಸ್ತು ಹಂಚೋದು, ವಿದಾಯದ ಮಾತು ಕಂಡರೆ ಒಬ್ಬನನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ.

ಪ್ರಶ್ನೆ: ಅಟ್ಟದ ಮೇಲೆ ಎರಡು ಡಬ್ಬಿ ಇವೆ ಡಾಕ್ಟ್ರೇ. ನಾಳೆ ಅಪ್ಪನಿಗೆ ಹೇಳಿ ಅಂಗಡಿಗೆ ವಾಪಸ್ ಕೊಡಿಸ್ತೀನಿ.

ಉತ್ತರ: ನಾಳೆ ಬೇಡಮ್ಮ. ಇವತ್ತೇ, ಕತ್ತಲಾಗೋ ಮುಂಚೆ.