ಉತ್ತಮ ಕ್ಷಮೆ: ಮನ್ನಿಸುವುದೋ, ಸೈರಿಸುವುದೋ?

ಜೈನರ ಹತ್ತು ದಿನದ ಹಬ್ಬವಾದ ದಶಲಕ್ಷಣ ಪರ್ವದ ಹತ್ತು ಧರ್ಮಗಳನ್ನು ಮಕ್ಕಳಿಗಾಗಿ ತಿಳಿಗನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದಾದ ‘ಉತ್ತಮ ಕ್ಷಮೆ’ಯಲ್ಲೇ ಲೇಖನಿ ನಿಂತಿದೆ. ಬಲ್ಲವರ ನೆರವು ಬೇಕು.

ಈಗಿನ ಬಳಕೆಯಲ್ಲಿ ಕ್ಷಮೆಗೆ ಇಬ್ಬರು ಬೇಕು: ತಪ್ಪಿದವನು ಕೇಳಬೇಕು, ನೊಂದವನು ಕೊಡಬೇಕು. ಜೈನ ಶಾಸ್ತ್ರಗ್ರಂಥವಾದ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದ ಕ್ಷಮೆ ಹಾಗಲ್ಲ. ಆಚಾರ್ಯ ಪೂಜ್ಯಪಾದರು ಆ ಗ್ರಂಥಕ್ಕೆ ಬರೆದ ಸರ್ವಾರ್ಥಸಿದ್ಧಿ ಎಂಬ ಟೀಕೆಯಲ್ಲಿ ಅದನ್ನು ವಿವರಿಸುವುದು ಭಿಕ್ಷೆಗೆ ಹೊರಟ ಮುನಿಯನ್ನು ಮುಂದಿಟ್ಟುಕೊಂಡು. ದುಷ್ಟರು ಬೈಯಲಿ, ನಗಲಿ, ಹೊಡೆಯಲಿ, ಮನಸ್ಸು ಕಲುಷಿತವಾಗದಿದ್ದರೆ ಅದೇ ಕ್ಷಮೆ. ಬೈದವನು ಬಂದು ಕೇಳಿಕೊಳ್ಳಬೇಕೆಂಬ ಮಾತೇ ಅಲ್ಲಿಲ್ಲ. ಕ್ರೋಧವೆಂಬ ಕಷಾಯಕ್ಕೆ, ಎಂದರೆ ಆತ್ಮವನ್ನು ಮಲಿನಗೊಳಿಸುವ ವಿಕಾರಕ್ಕೆ, ಎದುರಾಗಿ ನಿಲ್ಲುವ ಗುಣ ಅದು.

‘ತಾಳ್ಮೆ’ ಎನ್ನೋಣವೆಂದರೆ ಒಳಗೆ ಕುದಿಯುತ್ತಲೇ ತಾಳಿಕೊಳ್ಳಬಹುದು. ‘ಮನ್ನಿಸು’ ಚೆಲುವಾದ ಮಾತು. ಹಳಗನ್ನಡದಲ್ಲಿ ಅದಕ್ಕೆ ಗೌರವಿಸು ಎಂಬ ಅರ್ಥವೂ ಉಂಟು. ಆದರೆ ಇಂದು ಮನ್ನಿಸುವವನು ಒಂದು ಮೆಟ್ಟಿಲು ಮೇಲೆ ನಿಂತಂತೆ ಕೇಳಿಸುತ್ತದೆ.

ಜೈನ ಪುರಾಣಕಥೆಯ ಮರುಭೂತಿ ಹಾಗೆ ಮೇಲೆ ನಿಂತವನಲ್ಲ. ಅಣ್ಣ ಕಮಠ ತಮ್ಮನ ಹೆಂಡತಿಯನ್ನೇ ಕೆಡಿಸಿ, ಅರಸ ಅರವಿಂದನಿಂದ ನಾಡುಗಡೀಪಾರಾದ. ಆದರೂ ತಮ್ಮನೇ ಅವನನ್ನು ಹುಡುಕಿಕೊಂಡು ಹೋಗಿ ಕಾಲಿಗೆ ಬಿದ್ದು ಕ್ಷಮೆ ಬೇಡಿದ. ತಪಸ್ಸಿನ ಸೋಗಿನಲ್ಲಿ ಬಂಡೆ ಎತ್ತಿ ಹಿಡಿದಿದ್ದ ಕಮಠ ಅದನ್ನೇ ಎತ್ತಿಹಾಕಿ ಕೊಂದ. ಆ ಹಗೆ ಭವಭವಕ್ಕೂ ಬೆನ್ನುಹತ್ತಿ ಬಂತು. ಮರುಭೂತಿ ಮುಂದೊಂದು ಭವದಲ್ಲಿ ತೀರ್ಥಂಕರ ಪಾರ್ಶ್ವನಾಥನಾಗಿ ಧ್ಯಾನಕ್ಕೆ ನಿಂತಾಗಲೂ ಕಮಠನ ಜೀವ ಒಡ್ಡಿದ ಉಪಸರ್ಗ, ಎಂದರೆ ಕಾಟ, ತಪ್ಪಲಿಲ್ಲ. ಬಾದಾಮಿಯ ನಾಲ್ಕನೆಯ ಗುಹೆಯಲ್ಲೂ ಐಹೊಳೆಯ ಜೈನ ಗುಹೆಯಲ್ಲೂ ಆ ಪ್ರಸಂಗ ಕೆತ್ತನೆಯಾಗಿದೆ. ನೊಂದವನೇ ಬೇಡಿದ ಈ ಕ್ಷಮೆಗೆ ‘ಮನ್ನಿಸು’ ಹೇಗೆ ಸಾಕಾದೀತು?

ಸದ್ಯಕ್ಕೆ ನನ್ನ ಒಲವು ‘ಸೈರಣೆ’ಯ ಕಡೆಗಿದೆ. ತೊಡಕೆಂದರೆ ಪರ್ವ ಮುಗಿದ ಮೇಲೆ ಬರುವ, ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಳ್ಳುವ ದಿನವಾದ ಕ್ಷಮಾವಣಿ. ‘ಖಮ್ಮಾಮಿ ಸವ್ವಜೀವಾಣಂ, ಸವ್ವೇ ಜೀವಾ ಖಮಂತು ಮೇ’ ಎಂಬಲ್ಲಿ ನಾನು ಎಲ್ಲ ಜೀವಿಗಳನ್ನು ಕ್ಷಮಿಸುವುದಕ್ಕೂ ಅವು ನನ್ನನ್ನು ಕ್ಷಮಿಸುವುದಕ್ಕೂ ಒಂದೇ ಕ್ರಿಯಾಪದ. ‘ಎಲ್ಲ ಜೀವಿಗಳೂ ನನ್ನನ್ನು ಸೈರಿಸಲಿ’ ಎಂದರೆ ಮಕ್ಕಳಿಗೆ ಹಿಡಿಸೀತೇ? ಧರ್ಮಕ್ಕೊಂದು, ಹಬ್ಬಕ್ಕೊಂದು ಪದವಿಟ್ಟರೆ ಎರಡೂ ಒಂದೇ ಬೇರಿನವು ಎಂಬುದು ಮರೆಯಾಗುತ್ತದೆ. ಅದಕ್ಕೆ ನನ್ನ ಮನಸ್ಸು ಒಪ್ಪದು.

ತುಳುನಾಡಿನ, ಬೆಳಗಾವಿ ಕಡೆಯ ಜೈನ ಮನೆಗಳಲ್ಲಿ ಹಿರಿಯರು ಆ ದಿನ ಒಬ್ಬರಿಗೊಬ್ಬರು ಆಡುವ ಮಾತು ಯಾವುದು? ‘ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುವುದುಂಟೇ? ಕೇಳಿದವರು, ಕೇಳಿದ ಹಾಗೆಯೇ ಬರೆದು ತಿಳಿಸಿ.