ನೋಡುವ ಹಕ್ಕು ಮೊಬೈಲಿಗೆ ಬಂದಿದೆ, ತಿದ್ದುವ ಅಧಿಕಾರ ಎಲ್ಲಿಗೆ ಹೋಯಿತು?

ಪ್ರಶ್ನೆ: ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾನು ಸಾರ್ವಜನಿಕ ಆಡಳಿತದ ಅಧ್ಯಾಪಕಿ. ಬರುವ ಸೆಮಿಸ್ಟರ್‌ನಲ್ಲಿ ಡಿಜಿಟಲ್ ಆಡಳಿತದ ಪತ್ರಿಕೆಯನ್ನು ಪಾಠ ಮಾಡಬೇಕಾಗಿದೆ. ಪಠ್ಯಕ್ರಮದಲ್ಲಿ ಸರ್ಕಾರಿ ಸೇವೆಗೆ ಒಂದು ಘಟಕ, ನಗರಾಡಳಿತಕ್ಕೆ ಇನ್ನೊಂದು, ವಿದೇಶಾಂಗ ವ್ಯವಹಾರಕ್ಕೆ ಮತ್ತೊಂದು ಇದೆ. ಆದರೆ ಮೂರನ್ನೂ ಓದುತ್ತಾ ಹೋದಂತೆ ನನಗೆ ಎದುರಾಗುತ್ತಿರುವುದು ಒಂದೇ ಪ್ರಶ್ನೆ: ಗಣಕದೊಳಗಿನ ದಾಖಲೆಯೇ ತಪ್ಪಾಗಿದ್ದರೆ ಅದನ್ನು ತಿದ್ದುವ ಅಧಿಕಾರ ಯಾರ ಬಳಿ ಇದೆ, ಅವರ ಎದುರಿಗೆ ಸಾಮಾನ್ಯ ಮನುಷ್ಯ ಹೋಗಿ ನಿಂತು ತನ್ನ ಮಾತು ಹೇಳಲು ಸಾಧ್ಯವಿದೆಯೇ?

ಪ್ರಶ್ನೆ ಹುಟ್ಟಿದ್ದು ಮನೆಯಲ್ಲೇ. ನಮ್ಮ ಜಮೀನಿನ ಹಳೆಯ ಕೈಬರಹದ ಪಹಣಿಯಲ್ಲಿ ವಿಸ್ತೀರ್ಣ 2 ಎಕರೆ 14 ಗುಂಟೆ ಎಂದಿದೆ. ಈಗಿನ ಪಹಣಿಯಲ್ಲಿ 2 ಎಕರೆ 4 ಗುಂಟೆ. ಟೈಪ್ ಮಾಡುವಾಗ ಒಂದು ಅಂಕಿ ಬಿಟ್ಟುಹೋಗಿ ಕಾಲು ಎಕರೆ ದಾಖಲೆಯಿಂದ ಮಾಯವಾಗಿದೆ. 9ನೇ ಕಾಲಂನಲ್ಲಿ ಅಜ್ಜಿಯ ಹೆಸರಿನ ಮುಂದೆ 'ಕೋಂ' (ಇಂಥವರ ಹೆಂಡತಿ) ಎಂದು ಬರೆದು ಅಜ್ಜನ ಹೆಸರು ಸೇರಿಸಲಾಗಿದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್ ಇದೆ. ಹೀಗಾಗಿ ಪಹಣಿಗೆ ಆಧಾರ್ ಜೋಡಿಸುವ ಕೆಲಸವೂ ನಿಂತಿದೆ. ಕೌಂಟರಿನಲ್ಲಿ ಕುಳಿತವರು ಒರಟಾಗಿ ಮಾತನಾಡಲಿಲ್ಲ. "ಮೇಡಂ, ಇದನ್ನು ಇಲ್ಲಿ ತಿದ್ದೋಕೆ ಆಪ್ಶನ್ನೇ ಇಲ್ಲ" ಎಂದರು, ಅವರು ಹೇಳಿದ್ದು ನಿಜವೂ ಆಗಿತ್ತು.

ಕೈಬರಹದ ಕಾಲವೇ ಚೆನ್ನಾಗಿತ್ತು ಎನ್ನುವುದು ನನ್ನ ವಾದವಲ್ಲ. ಆ ಕಾಲವನ್ನು ಒಳಗಿನಿಂದ ಕಂಡವರು, ನಗರಗಳಲ್ಲಿ ಮತ್ತು ಹೊರದೇಶಗಳಲ್ಲಿ ಇಂಥ ವ್ಯವಸ್ಥೆಗಳನ್ನು ಹತ್ತಿರದಿಂದ ನೋಡುತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ನಿವೃತ್ತ_ಶಿರಸ್ತೇದಾರ

ಮೇಡಂ, ಕಂದಾಯ ಇಲಾಖೆಯಲ್ಲಿ ಸೇವೆ ಸಲ್ಲಿಸಿದವನಾಗಿ ಉತ್ತರಿಸುತ್ತಿದ್ದೇನೆ. ಮೊದಲು, ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಗೆ ಸಲ್ಲಬೇಕಾದ ಮಾತನ್ನು ಹೇಳಿಬಿಡಬೇಕು. ಅದಕ್ಕೂ ಹಿಂದೆ ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದವು. ಅವರು ಊರಿಗೆ ಬಂದ ದಿನ ಪಹಣಿ ಸಿಗುತ್ತಿತ್ತು, ಬಾರದ ದಿನ ಇಲ್ಲ. ಯಾರ ಖಾತೆ ಬದಲಾವಣೆ ಮೊದಲು, ಯಾರದು ಮೂಲೆಗೆ ಎಂಬುದು ಅವರ ಮರ್ಜಿಗೆ ಬಿಟ್ಟದ್ದಾಗಿತ್ತು; ಪುಸ್ತಕದಲ್ಲಿ ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆದರೆ ಜಮೀನಿನ ಒಡೆಯನಿಗೇ ವರ್ಷಗಟ್ಟಲೆ ಗೊತ್ತಾಗದ ಸಂದರ್ಭಗಳೂ ಇದ್ದವು. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕೇಂದ್ರದ ಕಿಯಾಸ್ಕ್‌ನಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಕೊಡಲಾರಂಭಿಸಿದಾಗ ಆ ಹಿಡಿತ ನಿಜಕ್ಕೂ ಸಡಿಲವಾಯಿತು. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶ ಕಟ್ಟುಹಾಕಿತು. ಅಧಿಕಾರಿ ತನ್ನ ಬೆರಳಚ್ಚು ಕೊಟ್ಟ ಮೇಲೆಯೇ ದಾಖಲೆಗೆ ಕೈಹಚ್ಚಬೇಕಾಯಿತು.

ಆದರೆ ತಾವು ಹೇಳಿದ ತಪ್ಪು ಹುಟ್ಟಿದ್ದೂ ಆ ದಿನಗಳಲ್ಲೇ. ಮಾಸಿದ, ಅಂಚು ಹರಿದ ಪುಸ್ತಕಗಳನ್ನು ನೋಡಿಕೊಂಡು ಖಾಸಗಿ ಏಜೆನ್ಸಿಯ ಡೇಟಾ ಎಂಟ್ರಿ ಹುಡುಗರು ಟೈಪ್ ಮಾಡಿದರು. ಹೋಲಿಕೆ ಮಾಡಿ ಸರಿ ಇದೆ ಎಂದು ಸಹಿ ಹಾಕಬೇಕಾಗಿದ್ದ ಲೆಕ್ಕಿಗರ ಮುಂದೆ ಮುದ್ರಿತ ಹಾಳೆಗಳ ರಾಶಿಯೇ ಇತ್ತು. 14 ಎಂಬುದು 4 ಆಗುವುದು, ಖರಾಬು (ಸಾಗುವಳಿಗೆ ಬಾರದ) ಜಮೀನನ್ನು ಕಳೆಯುವಾಗ ಲೆಕ್ಕ ತಪ್ಪುವುದು, 'ಬಿನ್' ಆದ ಮೇಲಿನ ತಂದೆಯ ಹೆಸರೇ ಬಿಟ್ಟುಹೋಗುವುದು ಎಲ್ಲ ತಾಲ್ಲೂಕುಗಳಲ್ಲೂ ಆಗಿದೆ. ಅಷ್ಟಾದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಲಾಯಿತು. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 133ನೇ ಕಲಂ ಪ್ರಕಾರ ಹಕ್ಕು ದಾಖಲೆಯಲ್ಲಿರುವ ನಮೂದನ್ನು, ಅದಕ್ಕೆ ವಿರುದ್ಧವಾದುದು ಸಾಬೀತಾಗುವವರೆಗೆ, ನಿಜವೆಂದೇ ಭಾವಿಸಬೇಕು. ಸಾಬೀತುಪಡಿಸುವ ಹೊರೆ, ತಪ್ಪು ಮಾಡದ ರೈತನ ತಲೆಯ ಮೇಲೆಯೇ ಬಿತ್ತು.

ಒಟ್ಟಾರೆ ಆದದ್ದೇನೆಂದರೆ, ದಾಖಲೆಯನ್ನು ನೋಡುವ ಹಕ್ಕು ಲೆಕ್ಕಿಗರ ಚೀಲದಿಂದ ಎಲ್ಲರ ಮೊಬೈಲಿಗೆ ಇಳಿದು ಬಂತು. ತಿದ್ದುವ ಅಧಿಕಾರ ಮಾತ್ರ ಊರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಉಪವಿಭಾಗಕ್ಕೆ ಮೇಲೇರುತ್ತಾ ಹೋಯಿತು. ದುರುಪಯೋಗ ತಡೆಯುವ ಸದುದ್ದೇಶದಿಂದಲೇ ಹಾಗೆ ಮಾಡಿದ್ದು, ಆದರೆ ಒಂದು ಅಂಕಿಯ ತಪ್ಪಿಗೂ ಮಾಲೀಕತ್ವದ ವ್ಯಾಜ್ಯಕ್ಕೂ ಒಂದೇ ದಾರಿಯನ್ನು ತೋರಿಸಿದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸಕಾಲ ಕಾಯ್ದೆ ಬಂದಾಗ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಗೊತ್ತುಮಾಡಿದರು. ತಡಮಾಡಿದ್ದಕ್ಕೆ ಬೆಲೆ ಇದೆ, ತಪ್ಪಾಗಿ ಬರೆದದ್ದಕ್ಕೆ ಇಲ್ಲ.

ತಮ್ಮ ವಿಷಯಕ್ಕೆ ಬಂದರೆ, ಹಳೆಯ ಪಹಣಿಯ ದೃಢೀಕೃತ ಪ್ರತಿಯ ಜೊತೆಗೆ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ಸರ್ವೆ ದಾಖಲೆ) ಪ್ರತಿಯನ್ನೂ ತೆಗೆಸಿ. ಅದರಲ್ಲೂ 2-14 ಎಂದೇ ಇದ್ದರೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಲಿಖಿತ ಆದೇಶ ಕೇಳಿ ಪಡೆದುಕೊಳ್ಳಿ, ಏಕೆಂದರೆ ಆದೇಶವಿಲ್ಲದೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ನಿಲ್ಲುವುದಿಲ್ಲ. ಭೂ ಸುರಕ್ಷಾ ಯೋಜನೆಯಲ್ಲಿ ಅಭಿಲೇಖಾಲಯದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದು ಇಂಥ ಪ್ರಕರಣಗಳಿಗೆ ದೊಡ್ಡ ಸಹಾಯ, ಏಕೆಂದರೆ ಅಲ್ಲಿ ಸಿಗುವುದು ಯಾರೋ ಟೈಪ್ ಮಾಡಿದ ಪಠ್ಯವಲ್ಲ, ಮೂಲ ಹಾಳೆಯ ಚಿತ್ರ.

ಉತ್ತರ 2: ಜಯನಗರ_ನಿವಾಸಿ

ಶಿರಸ್ತೇದಾರ್ ಸರ್ ಹೇಳಿದ್ದನ್ನೇ ಬೆಂಗಳೂರಿಗೆ ಅನ್ವಯಿಸಿ ನೋಡಬಹುದು. 2024ರ ಅಕ್ಟೋಬರ್‌ನಲ್ಲಿ ಇ-ಖಾತಾ, ಅಂದರೆ ಆಸ್ತಿ ಖಾತೆಯ ಡಿಜಿಟಲ್ ರೂಪ, ಕಡ್ಡಾಯವಾದಾಗ ಲಕ್ಷಾಂತರ ಆಸ್ತಿಗಳ ಕರಡು ಖಾತೆಗಳನ್ನು ಆನ್‌ಲೈನಿನಲ್ಲಿ ಪ್ರಕಟಿಸಿ, ಕ್ರಯಪತ್ರದ ಸಂಖ್ಯೆ, ಋಣಭಾರ ಪತ್ರ, ತೆರಿಗೆಯ ಎಸ್‌ಎಎಸ್ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ, ಕಟ್ಟಡದ ಫೋಟೊ ಇತ್ಯಾದಿಗಳನ್ನು ಮಾಲೀಕರೇ ಸೇರಿಸಿ ಅಂತಿಮಗೊಳಿಸಿಕೊಳ್ಳಬೇಕೆಂದು ಹೇಳಲಾಯಿತು. ಅರ್ಜಿದಾರನೂ ಅಧಿಕಾರಿಯೂ ಪರಸ್ಪರ ಮುಖ ನೋಡದಿದ್ದರೆ ಲಂಚಕ್ಕೆ ಅವಕಾಶವಿರುವುದಿಲ್ಲ ಎಂಬ ಆಶಯ ಮೆಚ್ಚತಕ್ಕದ್ದೇ. ಆದರೆ ಕ್ರಯಪತ್ರದಲ್ಲಿ ಒಂದು ಅಳತೆ, ತೆರಿಗೆ ದಾಖಲೆಯಲ್ಲಿ ಇನ್ನೊಂದು ಇರುವ ವಯಸ್ಸಾದವರಿಗೆ ಬೇಕಾಗಿರುವುದೇ ಎದುರು ಕುಳಿತು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಆ ಜಾಗವನ್ನು ಈಗ ಏಜೆಂಟರು ತುಂಬುತ್ತಿದ್ದಾರೆ.

ಸಂಚಾರ ದಂಡದ್ದು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ತಾನಾಗಿಯೇ ದಂಡ ಬರೆಯುತ್ತದೆ. ನಕಲಿ ಪ್ಲೇಟ್ ಹಾಕಿಕೊಂಡವನು ಸಿಗ್ನಲ್ ಹಾರಿದರೆ ನೋಟಿಸ್ ಬರುವುದು ಅಸಲಿ ಗಾಡಿಯವನ ಮನೆಗೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಘೋಷಿಸಿದಾಗ ಜನ ಮುಗಿಬಿದ್ದು ಕಟ್ಟಿದರು, 100 ಕೋಟಿ ರೂಪಾಯಿಗೂ ಮೇಲ್ಪಟ್ಟು ಸಂಗ್ರಹವಾಯಿತು. ಅದನ್ನು ಯಶಸ್ಸೆಂದು ಹೊಗಳಿದವರು ಒಂದು ಸಂಗತಿಯನ್ನು ಗಮನಿಸಲಿಲ್ಲ: ಸರಿಯಾಗಿ ಬಿದ್ದ ದಂಡಕ್ಕೂ ತಪ್ಪಾಗಿ ಬಿದ್ದ ದಂಡಕ್ಕೂ ರಿಯಾಯಿತಿ ಒಂದೇ ಆಗಿತ್ತು. ಕೆಲಸ ಬಿಟ್ಟು ಠಾಣೆಗೆ ಅಲೆದು ಇದು ನನ್ನ ಗಾಡಿಯಲ್ಲ ಎಂದು ತೋರಿಸುವುದಕ್ಕಿಂತ ಅರ್ಧ ಹಣ ಕಟ್ಟುವುದೇ ಅಗ್ಗವಾಗಿಬಿಟ್ಟರೆ, ಆ ವ್ಯವಸ್ಥೆಗೆ ತನ್ನ ತಪ್ಪುಗಳ ಲೆಕ್ಕ ಎಂದೂ ಸಿಗುವುದಿಲ್ಲ.

ಉತ್ತರ 3: ತಾಲಿನ್_ಕನ್ನಡಿಗ

ಮೇಡಂ, ನಾನು ಎಸ್ಟೋನಿಯಾದಲ್ಲಿ ತಂತ್ರಾಂಶದ ಕೆಲಸದಲ್ಲಿದ್ದೇನೆ. ಡಿಜಿಟಲ್ ಆಡಳಿತದ ಪಾಠಗಳಲ್ಲಿ ಈ ದೇಶದ ಹೆಸರು ತಪ್ಪದೆ ಬರುತ್ತದೆ. ಜನಸಂಖ್ಯೆ 13 ಲಕ್ಷದ ಆಸುಪಾಸು, ಆದ್ದರಿಂದ ನೇರ ಹೋಲಿಕೆ ಬೇಡ. ಆದರೂ ಮೂರು ಸಂಗತಿಗಳು ನಿಮ್ಮ ಪ್ರಶ್ನೆಗೆ ಸಂಬಂಧಿಸಿವೆ.

ಇಲ್ಲಿ 2001ರಿಂದ ನಡೆದಿರುವ ಎಕ್ಸ್-ರೋಡ್ ವ್ಯವಸ್ಥೆಯಲ್ಲಿ ಎಲ್ಲ ಮಾಹಿತಿಯನ್ನೂ ಒಂದೇ ಕಡೆ ರಾಶಿ ಹಾಕಿಲ್ಲ. ಪ್ರತಿ ಇಲಾಖೆಯ ದಾಖಲೆ ಆ ಇಲಾಖೆಯಲ್ಲೇ ಇರುತ್ತದೆ, ಒಬ್ಬರು ಇನ್ನೊಬ್ಬರಿಂದ ಕೇಳಿ ಪಡೆಯುತ್ತಾರೆ, ಕೇಳಿದ್ದಕ್ಕೆಲ್ಲ ಅಳಿಸಲಾಗದ ಗುರುತು ಉಳಿಯುತ್ತದೆ. ಸರ್ಕಾರದ ಪೋರ್ಟಲ್‌ಗೆ ಹೋದರೆ ನನ್ನ ಮಾಹಿತಿಯನ್ನು ಯಾವ ಸಂಸ್ಥೆ ಯಾವ ದಿನ ನೋಡಿತು ಎಂಬ ಪಟ್ಟಿ ಕಾಣುತ್ತದೆ. ಅಧಿಕಾರಿ ನಾಗರಿಕನನ್ನು ನೋಡುವಂತೆ ನಾಗರಿಕನೂ ಅಧಿಕಾರಿಯನ್ನು ನೋಡಬಹುದು.

ಭೂ ನೋಂದಣಿ ಪೂರ್ತಿ ವಿದ್ಯುನ್ಮಾನ ರೂಪದಲ್ಲಿದೆ, ಆದರೆ ಅದನ್ನು ಇಟ್ಟುಕೊಂಡಿರುವುದು ಕಂದಾಯ ಇಲಾಖೆಯಲ್ಲ, ತಾರ್ತು ಜಿಲ್ಲಾ ನ್ಯಾಯಾಲಯದ ಒಂದು ವಿಭಾಗ. ಅರ್ಜಿ, ಸಹಿ, ಶುಲ್ಕ ಎಲ್ಲವೂ ಆನ್‌ಲೈನ್ ಆದರೂ ನಮೂದು ಮಾಡಬೇಕೇ ಬೇಡವೇ ಎಂದು ನಿರ್ಧರಿಸುವ ಹೊಣೆ ನ್ಯಾಯಾಲಯದ್ದು. ತಂತ್ರಜ್ಞಾನ ಬಂದ ಮೇಲೂ ಆ ಹೊಣೆಯನ್ನು ಅವರು ಯಂತ್ರಕ್ಕೆ ಒಪ್ಪಿಸಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಇನ್ನು ರಾಜತಾಂತ್ರಿಕತೆ. 2007ರ ವಸಂತದಲ್ಲಿ ಸೋವಿಯತ್ ಕಾಲದ ಸೈನಿಕನ ಪ್ರತಿಮೆಯೊಂದನ್ನು ತಾಲಿನ್ ನಗರದ ಮಧ್ಯಭಾಗದಿಂದ ಸ್ಥಳಾಂತರಿಸಿದಾಗ ಈ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳ ಮೇಲೆ ಸೈಬರ್ ದಾಳಿ ನಡೆಯಿತು. ನೆಲವನ್ನು ಯಾರಾದರೂ ಆಕ್ರಮಿಸಿಕೊಂಡರೂ ಆ ನೆಲ ಯಾರದೆಂಬ ದಾಖಲೆ ಉಳಿಯಬೇಕು ಎಂಬ ಯೋಚನೆ ಆಮೇಲಿನ ವರ್ಷಗಳಲ್ಲಿ ಬಲವಾಗಿ ಬೆಳೆಯಿತು. 2017ರಲ್ಲಿ ಲಕ್ಸೆಂಬರ್ಗ್ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿ ದತ್ತಾಂಶ ರಾಯಭಾರ ಕಚೇರಿ ಸ್ಥಾಪಿಸಿದರು. ಅಲ್ಲಿ ರಾಯಭಾರಿ ಇಲ್ಲ, ಸರ್ವರ್‌ಗಳು ಮಾತ್ರ ಇವೆ, ಆದರೂ ರಾಯಭಾರ ಕಚೇರಿಗೆ ಇರುವಂಥ ರಕ್ಷಣೆ ಇದೆ. ಎಸ್ಟೋನಿಯಾದ ಅನುಮತಿ ಇಲ್ಲದೆ ಲಕ್ಸೆಂಬರ್ಗ್‌ನ ಅಧಿಕಾರಿಗಳು ಒಳಗೆ ಕಾಲಿಡುವಂತಿಲ್ಲ. ಅಲ್ಲಿಟ್ಟಿರುವ ಪ್ರತಿಗಳಲ್ಲಿ ಭೂ ನೋಂದಣಿಯದೂ ಒಂದು. ನಮ್ಮಲ್ಲಿ ನಾಡಕಚೇರಿಯ ವಿಷಯ ಎಂದುಕೊಳ್ಳುವ ಪಹಣಿಯಂಥ ದಾಖಲೆ ಇಲ್ಲಿ ಎರಡು ದೇಶಗಳ ನಡುವಿನ ಒಪ್ಪಂದದ ವಸ್ತುವಾಗಿದೆ. ಭಾರತವೂ 2023ರ ಬಜೆಟ್‌ನಲ್ಲಿ ಗುಜರಾತಿನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರವಾದ ಗಿಫ್ಟ್ ಸಿಟಿಯಲ್ಲಿ ಬೇರೆ ದೇಶಗಳ ಇಂಥ ಕಚೇರಿಗಳಿಗೆ ಅವಕಾಶ ಕೊಡುವುದಾಗಿ ಘೋಷಿಸಿದೆ.

ಅದೇ 2017ರಲ್ಲಿ ಇಲ್ಲಿನ 7 ಲಕ್ಷಕ್ಕೂ ಹೆಚ್ಚು ಗುರುತಿನ ಚೀಟಿಗಳ ಚಿಪ್‌ನಲ್ಲಿ ದೋಷ ಪತ್ತೆಯಾಯಿತು. ಆನ್‌ಲೈನ್ ಮತದಾನವಿದ್ದ ಸ್ಥಳೀಯ ಚುನಾವಣೆ ಎದುರಿಗಿದ್ದರೂ ಸರ್ಕಾರ ಅದನ್ನು ಮುಚ್ಚಿಡದೆ ಮೊದಲೇ ಪ್ರಕಟಿಸಿತು, ನವೆಂಬರ್‌ನಲ್ಲಿ ದೋಷವಿದ್ದ ಪ್ರಮಾಣಪತ್ರಗಳನ್ನು ತಡೆಹಿಡಿದು ಚೀಟಿಗಳನ್ನು ನವೀಕರಿಸಿಕೊಟ್ಟಿತು. ಜನರ ನಂಬಿಕೆ ಉಳಿದದ್ದು ಈ ನಡವಳಿಕೆಯಿಂದ ಎಂದು ನಾನು ತಿಳಿದಿದ್ದೇನೆ.

ಹೇಮಾವತಿ_ತೀರ

ಮೂವರಿಗೂ ಕೃತಜ್ಞತೆಗಳು. ಭೂ ನೋಂದಣಿ ನ್ಯಾಯಾಲಯದ ಸುಪರ್ದಿಯಲ್ಲಿದೆ ಎಂಬ ಸಂಗತಿ ನನಗೆ ಹೊಸದು. ಹಾಗಾದರೆ ಇನ್ನೊಂದು ಪ್ರಶ್ನೆ: ನಮ್ಮ ದೇಶದ ವ್ಯವಸ್ಥೆಗಳನ್ನು ಈಗ ಬೇರೆ ದೇಶಗಳಿಗೂ ಕೊಡುತ್ತಿದ್ದೇವೆ. ಅವುಗಳ ಜೊತೆಗೆ ತಪ್ಪು ತಿದ್ದುವ ದಾರಿಯೂ ಹೋಗುತ್ತಿದೆಯೇ?

ಉತ್ತರ 4: ಎಲೆಕ್ಟ್ರಾನಿಕ್_ಸಿಟಿ_ಫೇಸ್1

ಈ ಪ್ರಶ್ನೆಯ ಒಂದು ತುದಿ ಬೆಂಗಳೂರಿನಲ್ಲೇ ಇದೆ. ದೇಶವೊಂದು ತನ್ನದೇ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಲು ಬೇಕಾದ ಮುಕ್ತ ತಂತ್ರಾಂಶ ಮೋಸಿಪ್ ರೂಪುಗೊಂಡದ್ದು 2018ರಿಂದ ಇಲ್ಲಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ (ಐಐಐಟಿ-ಬಿ). ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯಾ ಅದನ್ನು ಬಳಸಿಕೊಂಡಿವೆ. ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿರುವುದರಿಂದ ಆಯಾ ದೇಶ ಅದನ್ನು ತನ್ನ ಸರ್ವರ್‌ನಲ್ಲೇ ಇಟ್ಟು ತನಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಇದು ಯಾವುದೋ ಒಂದು ಕಂಪನಿಯ ಮುಚ್ಚಿದ ತಂತ್ರಾಂಶಕ್ಕೆ ಕಟ್ಟುಬೀಳುವುದಕ್ಕಿಂತ ಎಷ್ಟೋ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಂತ್ರಾಂಶದಲ್ಲಿ ತಿದ್ದುಪಡಿಯ ಪುಟವೊಂದನ್ನು ಕೊಡಬಹುದೇ ಹೊರತು ತಿದ್ದುವ ಅಧಿಕಾರಿಯನ್ನು, ಅವನ ಮೇಲೆ ಮೇಲ್ಮನವಿ ಕೇಳುವ ನ್ಯಾಯಮಂಡಳಿಯನ್ನು ಕೊಡಲಾಗುವುದಿಲ್ಲ. ಅವನ್ನು ಆ ದೇಶದ ಶಾಸನಸಭೆಯೇ ಮಾಡಬೇಕು.

ನಮ್ಮಲ್ಲೂ ಆ ಭಾಗ ದುರ್ಬಲವಾಗಿಯೇ ಇದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಹುಟ್ಟಿದ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಾಯಿಸಲು ಅವಕಾಶ. ಅದನ್ನು ಮೀರಿದರೆ ಪ್ರಾದೇಶಿಕ ಕಚೇರಿಯ ಮೊರೆ ಹೋಗಬೇಕು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪಿನ ಹಿನ್ನೆಲೆಯಲ್ಲಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಕಲಂ ತಿದ್ದುಪಡಿಯ ಹಕ್ಕನ್ನು ಕೊಡುತ್ತದೆ. ಆದರೆ ನಾವು ಒಪ್ಪಿಗೆ ಕೊಟ್ಟು ನೀಡಿದ ಮಾಹಿತಿಗೆ ಅದು ಅನ್ವಯ. ಪಹಣಿಯನ್ನು ಯಾರೂ ಒಪ್ಪಿಗೆ ಕೊಟ್ಟು ಬರೆಸುವುದಿಲ್ಲ. ಅಲ್ಲಿ ಶಿರಸ್ತೇದಾರ್ ಸರ್ ಹೇಳಿದ ಹಳೆಯ ದಾರಿಯೇ ಗತಿ.

ವಿದ್ಯಾರ್ಥಿಗಳಿಗೆ ಚರ್ಚೆಗೆಂದು ಕೊಡುವುದಾದರೆ ಶ್ರೀಲಂಕಾದ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿನ ಏಕೀಕೃತ ಡಿಜಿಟಲ್ ಗುರುತು ಯೋಜನೆಗೆ ಭಾರತದ ಅನುದಾನ ನೀಡುವ ಒಪ್ಪಂದ 2022ರ ಮಾರ್ಚ್‌ನಲ್ಲಿ ಆಯಿತು. ತಮ್ಮ ನಾಗರಿಕರ ಬೆರಳಚ್ಚು ನೆರೆದೇಶದವರ ಕೈಗೆ ಸಿಗುತ್ತದೆಯೇ ಎಂದು ಅಲ್ಲಿನ ರಾಜಕಾರಣದಲ್ಲಿ ಪ್ರಶ್ನೆ ಎದ್ದಿತು. ಆ ಆತಂಕಕ್ಕೆ ಉತ್ತರ ಕೊಡಬೇಕಾದದ್ದೇ. ಅದರ ಜೊತೆಗೆ, ಜಾಫ್ನಾದ ಒಬ್ಬ ಮೀನುಗಾರನ ಹೆಸರು ತಮಿಳಿನಿಂದ ಸಿಂಹಳಕ್ಕೋ ಇಂಗ್ಲಿಷಿಗೋ ಹೋಗುವಾಗ ತಪ್ಪಾದರೆ ಅವನು ಯಾವ ಊರಿನ ಯಾವ ಕಚೇರಿಗೆ, ಯಾವ ಭಾಷೆಯಲ್ಲಿ ಅರ್ಜಿ ಕೊಡಬೇಕು ಎಂಬುದನ್ನೂ ಕೇಳಬೇಕು. ಅನುದಾನದ ಒಪ್ಪಂದದಲ್ಲೇ ತಿದ್ದುಪಡಿಯ ಕಚೇರಿಗಳಿಗೂ ಅವುಗಳ ಸಿಬ್ಬಂದಿಗೂ ಹಣ ತೆಗೆದಿಡಬೇಕೆಂದು ಕೊಡುವ ದೇಶವಾಗಿ ನಾವೇ ಒತ್ತಾಯಿಸಬೇಕು ಎಂಬುದು ನನ್ನ ನಿಲುವು.