ಸಹಾಯ ಬೇಕು: ಚೆಕ್ ಸ್ಕ್ರಿಪ್ಟ್ ಕೈಯಿಂದ ಓಡತೈತಿ, ನಾಗಿಯೋಸ್‌ನಿಂದ ಓಡವಲ್ದು

ನಮಸ್ಕಾರ್ರೀ. ಗಂಗಾವತಿ ಹತ್ರ ಒಂದು ರೈಸ್ ಮಿಲ್‌ನಾಗ ಸಿಸ್ಟಮ್ ನೋಡ್ಕೊಳ್ಳೋನು ನಾನು. ಸರ್ವರ್ ಇರೋದು ವೇಬ್ರಿಡ್ಜ್ ರೂಮಿನಾಗ. ಈ ಬಿಸಿಲಿಗೆ ಎಸಿ ನಿಂತ್ರ ಸಾಕು, ಹಾರ್ಡ್ ಡಿಸ್ಕ್ ಕಾದ ಹೆಂಚು! ಮ್ಯಾಲೆ ತೌಡಿನ ಧೂಳು ಬ್ಯಾರೆ.

ಅದಕ್ಕ ಸರ್ವರ್ ಮ್ಯಾಲೆ ಕಣ್ಣಿಡೋ ನಾಗಿಯೋಸ್ ಸಾಫ್ಟ್‌ವೇರ್‌ಗೆ ಅಂತ, ಸ್ಮಾರ್ಟ್‌ಸಿಟಿಎಲ್ (ಡಿಸ್ಕ್ ಆರೋಗ್ಯ ತೋರಿಸೋ ಕಮಾಂಡ್) ನಿಂದ ಡಿಸ್ಕ್ ಬಿಸಿ ಓದೋ ಸಣ್ಣ ಬ್ಯಾಶ್ ಸ್ಕ್ರಿಪ್ಟ್ ಬರದೀನಿ. 45 ಡಿಗ್ರಿ ದಾಟಿದ್ರ ಎಕ್ಸಿಟ್ ಕೋಡ್ (ಸ್ಕ್ರಿಪ್ಟ್ ಮುಗಿದಾಗ ಕೊಡೋ ನಂಬರ್) 1 ವಾರ್ನಿಂಗ್, 50 ದಾಟಿದ್ರ ಎಕ್ಸಿಟ್ 2 ಕ್ರಿಟಿಕಲ್, ಇಲ್ಲಂದ್ರ 0. ರೂಟ್ (ಪೂರ್ತಿ ಅಧಿಕಾರ ಇರೋ ಯೂಸರ್) ಆಗಿ ಓಡಿಸಿದ್ರ ಸರಿಯಾಗಿ 'ವಾರ್ನಿಂಗ್ - 47' ಅಂತ ಬರತೈತಿ, ಎಕ್ಸಿಟ್ ಕೋಡೂ 1. ಅದನ್ನ ನಾಗಿಯೋಸ್ ಪರವಾಗಿ ಮಷೀನ್‌ನಾಗ ಚೆಕ್ ಓಡಿಸೋ ಎನ್‌ಆರ್‌ಪಿಇ ಮೂಲಕ ಕರದ್ರ ಮಾತ್ರ 'ಅನ್‌ಏಬಲ್ ಟು ರೀಡ್ ಔಟ್‌ಪುಟ್' ಅಂತ ಒಂದೇ ಸಾಲು.

ಎಕ್ಸಿಕ್ಯೂಟ್ ಪರ್ಮಿಷನ್ ಕೊಟ್ಟೆ, ಪೂರ್ತಿ ಪಾತ್ ಬರದೆ, ಎನ್‌ಆರ್‌ಪಿಇ ರೀಸ್ಟಾರ್ಟ್ ಮಾಡಿದೆ. ಕಾನ್ಫಿಗ್‌ನಾಗ ಕಮಾಂಡ್ ಮುಂದ ಸುಡೋ (ರೂಟ್ ಅಧಿಕಾರದಿಂದ ಓಡಿಸೋ ಕಮಾಂಡ್) ಹಾಕಿ, ಆ ಅಧಿಕಾರ ಯಾರಿಗೆ ಅಂತ ಬರಿಯೋ ಸುಡೋಯರ್ಸ್ ಫೈಲ್‌ನಾಗ ನಾಗಿಯೋಸ್ ಯೂಸರ್‌ಗೆ ಪಾಸ್‌ವರ್ಡ್ ಬ್ಯಾಡ ಅಂತಾನೂ ಬರದೀನಿ. ನಾಗಿಯೋಸ್ ಯೂಸರ್ ಆಗಿ ಟರ್ಮಿನಲ್‌ನಾಗ ಓಡಿಸಿದ್ರ ಬರತೈತಿ! ಮೂರು ದಿನ ಆತು, ಇಲ್ಲೇ ತಲಿ ಕೆಟ್ಟೈತಿ.

ಮಷೀನ್‌ನಾಗ ಇರೋದು ಸೆಂಟ್‌ಓಎಸ್ 7 ಲಿನಕ್ಸ್. ಇದು ಟರ್ಮಿನಲ್ ಇಲ್ದ ಸುಡೋ ಓಡದ ಸಮಸ್ಯೆನೋ, ಇಲ್ಲಾ ಎನ್‌ಆರ್‌ಪಿಇ ಬ್ಯಾರೆ ಯೂಸರ್ ಹೆಸರಿನಾಗ ಓಡಾಕತ್ತೈತೋ? ಯಾವುದು ಅಂತ ಗೊತ್ತು ಮಾಡ್ಕೊಳ್ಳಾಕ ಯಾವ ಲಾಗ್ ನೋಡ್ಬೇಕು, ಸುಡೋಯರ್ಸ್‌ನಾಗ ಸರಿಯಾದ ಸಾಲು ಹೆಂಗ ಬರೀಬೇಕು, ಹೇಳ್ರಿ.